ಒಡೆತನವೂ ಹೊಣೆಯೂ

ವಿಂಬಲ್ಡನ್ ಎಂದೊಡನೆ ನಮ್ಮ ಜನಕ್ಕೆ ಟೆನಿಸ್ ನೆನಪಾಗುತ್ತದೆ. ಲಂಡನ್ನಿನ ಆ ಬಡಾವಣೆಗೆ ಫುಟ್‌ಬಾಲಿನ ಚರಿತ್ರೆಯೂ ಒಂದುಂಟು. ಅದು ಟೆನಿಸಿಗಿಂತ ಹೆಚ್ಚು ಕಣ್ಣೀರಿನದು. ಎ.ಎಫ್.ಸಿ. ವಿಂಬಲ್ಡನ್ ಎಂಬ ಕ್ಲಬ್ಬಿಗೆ ಅದರ ಅಭಿಮಾನಿಗಳೇ ಒಡೆಯರು. ಇದರ ವೃತ್ತಾಂತವನ್ನು ವನವಾಸ ಹೋದವರು ಊರಿಗೆ ಮರಳಿದ ಕಥೆಯಾಗಿ ಹೇಳುವುದು ವಾಡಿಕೆ. ಕಥೆ ಸುಳ್ಳಲ್ಲ. ಆದರೆ ಹಾಗೆ ಹೇಳುವಾಗ ಯಾವ ಅಧ್ಯಾಯ ಬಿಟ್ಟುಹೋಗುತ್ತದೆ ಎಂಬುದನ್ನು ವಿಮರ್ಶಕನು ಕೇಳಬೇಕಾಗುತ್ತದೆ.

ಮೊದಲು ಸಂಗತಿಗಳನ್ನು ನೋಡೋಣ. 1889ರಲ್ಲಿ ಹುಟ್ಟಿದ ಹಳೆಯ ವಿಂಬಲ್ಡನ್ ಕ್ಲಬ್ಬು ದೀರ್ಘಕಾಲ ಚಿಕ್ಕಪುಟ್ಟ ಪಂದ್ಯಾವಳಿಗಳಲ್ಲಿ ಆಡಿ, 1977ರಲ್ಲಿ ಫುಟ್‌ಬಾಲ್ ಲೀಗನ್ನು ಸೇರಿತು. 1986ರಲ್ಲಿ ಮೊದಲ ದರ್ಜೆಗೇರಿ, 1988ರಲ್ಲಿ ಬಲಾಢ್ಯವಾದ ಲಿವರ್‌ಪೂಲನ್ನು 1–0ಯಿಂದ ಸೋಲಿಸಿ ಎಫ್.ಎ. ಕಪ್ಪನ್ನು ಗೆದ್ದಿತು. ಮೂರೇ ವರ್ಷಗಳ ಅನಂತರ, 1991ರಲ್ಲಿ, ತನ್ನ ಪ್ಲೌ ಲೇನ್ ಮೈದಾನವನ್ನು ಬಿಟ್ಟು ಇನ್ನೊಂದು ಕ್ಲಬ್ಬಿನ ಮೈದಾನದಲ್ಲಿ ಬಿಡಾರ ಹೂಡಿತು. ಕೊನೆಗೆ ಮಾಲಿಕರು ಕ್ಲಬ್ಬನ್ನೇ ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ನಗರಕ್ಕೆ ಸಾಗಿಸಲು ಹೊರಟರು. 2002ರ ಮೇ 28ರಂದು ಮೂವರ ಆಯೋಗವೊಂದು, ಒಬ್ಬರ ವಿರೋಧವಿದ್ದರೂ, ಅದಕ್ಕೆ ಒಪ್ಪಿಗೆ ನೀಡಿತು.

ಕಾನೂನಿನ ದೃಷ್ಟಿಯಲ್ಲಿ ಕ್ಲಬ್ಬೆಂದರೆ ಒಂದು ಕಂಪನಿ. ಕಂಪನಿ ಎಲ್ಲಿಗೆ ಹೋದರೆ ಕ್ಲಬ್ಬೂ ಅಲ್ಲಿಗೆ. ಅಭಿಮಾನಿಗಳು ಈ ಅರ್ಥವನ್ನೇ ತಿರಸ್ಕರಿಸಿದರು. ಕೆಲವೇ ದಿನಗಳಲ್ಲಿ ಹೊಸ ಕ್ಲಬ್ಬನ್ನು ಸ್ಥಾಪಿಸಿ, ಜೂನ್ ತಿಂಗಳಲ್ಲಿ ವಿಂಬಲ್ಡನ್ ಕಾಮನ್ ಎಂಬ ಬಯಲಿನಲ್ಲಿ ಬಂದವರನ್ನೆಲ್ಲ ಆಡಿಸಿ ಆಟಗಾರರನ್ನು ಆರಿಸಿದರು. ಡಾನ್ಸ್ ಟ್ರಸ್ಟ್ ಎಂಬ ಸಂಸ್ಥೆಯ ಕೈಯಲ್ಲಿ ಒಡೆತನ. ಸದಸ್ಯ ಬಡವನಾಗಲಿ ಬಲ್ಲಿದನಾಗಲಿ, ಒಬ್ಬನಿಗೆ ಒಂದೇ ಮತ. ತೀರ ಕೆಳಗಿನ ಲೀಗಿನಲ್ಲಿ ಆರಂಭಿಸಿದ ತಂಡ 2003–04ರಲ್ಲಿ ಸತತವಾಗಿ 78 ಲೀಗ್ ಪಂದ್ಯಗಳನ್ನು ಸೋಲದೆ ಆಡಿತು. ಒಂಬತ್ತು ವರ್ಷಗಳಲ್ಲಿ ಐದು ಬಾರಿ ಬಡ್ತಿ ಪಡೆದು 2011ರಲ್ಲಿ ಫುಟ್‌ಬಾಲ್ ಲೀಗಿಗೆ ಮರಳಿತು. 2020ರ ನವೆಂಬರಿನಲ್ಲಿ ಪ್ಲೌ ಲೇನ್‌ನಲ್ಲಿ, ಹಳೆಯ ಮೈದಾನದ ಸಮೀಪದಲ್ಲೇ, ಹೊಸ ಮೈದಾನ ತೆರೆಯಿತು. ಸಾಂಕ್ರಾಮಿಕದ ದೆಸೆಯಿಂದ ಅಂದು ಪ್ರೇಕ್ಷಕರಿಗೇ ಪ್ರವೇಶವಿರಲಿಲ್ಲ.

ವನವಾಸದ ಕಥೆ ಇಲ್ಲಿಗೆ ಮುಗಿಯುತ್ತದೆ. ಬಿಟ್ಟುಹೋಗುವ ಅಧ್ಯಾಯದ ಹೆಸರು ಕಿಂಗ್‌ಸ್ಟೋನಿಯನ್. 1885ರಲ್ಲಿ ಹುಟ್ಟಿದ ಈ ನೆರೆಯ ಕ್ಲಬ್ಬು ವಿಂಬಲ್ಡನ್ನಿಗಿಂತಲೂ ಹಿರಿಯದು. ಅದು ಹಣದ ಸಂಕಷ್ಟಕ್ಕೆ ಸಿಕ್ಕಾಗ ಅದರ ಕಿಂಗ್ಸ್‌ಮೆಡೋ ಮೈದಾನ ಪರರ ಕೈಸೇರಿತು. 2003ರಲ್ಲಿ ಅದನ್ನು ಪಡೆದುಕೊಂಡದ್ದು ವಿಂಬಲ್ಡನ್. ಹಳೆಯ ಒಡೆಯ ಅಲ್ಲಿಯೇ ಬಾಡಿಗೆದಾರನಾಗಿ ಉಳಿದ. ಮುಂದೆ ಪ್ಲೌ ಲೇನ್‌ನಲ್ಲಿ ಕಟ್ಟಲು ಹಣ ಬೇಕಾಯಿತು. ಕಿಂಗ್ಸ್‌ಮೆಡೋ ಶ್ರೀಮಂತ ಚೆಲ್ಸಿ ಕ್ಲಬ್ಬಿಗೆ ಮಾರಾಟವಾಯಿತು. 2017ರಲ್ಲಿ ಕಿಂಗ್‌ಸ್ಟೋನಿಯನ್ ಅಲ್ಲಿಂದ ಹೊರಟು ಪರರ ಮೈದಾನಗಳಲ್ಲಿ ಆಡುವಂತಾಯಿತು. ಮನೆ ಕಳೆದುಕೊಂಡವರು ಮನೆ ಕಟ್ಟಿಕೊಳ್ಳುವಾಗ ಇನ್ನೊಬ್ಬರ ಮನೆ ಹೋಯಿತು.

ವಿಂಬಲ್ಡನ್ನಿನ ಪರವಾಗಿಯೂ ಹೇಳುವುದುಂಟು: ಕಿಂಗ್‌ಸ್ಟೋನಿಯನ್ ಮೈದಾನವನ್ನು ಮೊದಲು ಕಳೆದುಕೊಂಡದ್ದು ವಿಂಬಲ್ಡನ್ನಿನಿಂದಲ್ಲ, ಅನಂತರ ಹದಿನಾಲ್ಕು ವರ್ಷ ಅದಕ್ಕೆ ಅಲ್ಲಿ ನೆಲೆಯೂ ದೊರೆಯಿತು. ಆದರೂ ಕೃತ್ಯ ಕೃತ್ಯವೇ. ಖಾಂಡವವನ ಸುಟ್ಟ ಮೇಲೆಯೇ ಮಯನು ಪಾಂಡವರಿಗೆ ಸಭಾಭವನ ಕಟ್ಟಿಕೊಟ್ಟದ್ದು. ವ್ಯಾಸರು ಆ ಬೆಂಕಿಯನ್ನು ಮುಚ್ಚಿಡಲಿಲ್ಲ. ಪಾಂಡವರ ಕಥೆ ನೀತಿಪಾಠವಾಗದೆ ಮಹಾಕಾವ್ಯವಾದದ್ದಕ್ಕೆ ಅದೂ ಒಂದು ಕಾರಣ.

ಇದರಿಂದ ಅಭಿಮಾನಿಗಳ ಒಡೆತನ ಬರಿಯ ಬೂಟಾಟಿಕೆ ಎಂದು ತೀರ್ಮಾನಿಸುವುದು ಅನ್ಯಾಯ. 2019ರ ಕೊನೆಯಲ್ಲಿ ಮೈದಾನಕ್ಕೆ ಹಣ ಸಾಲದೆ, ಹೊರಗಿನ ಧನಿಕರಿಗೆ ಪಾಲು ಕೊಡುವ ಸೂಚನೆ ಬಂತು. ಅದಕ್ಕೆ ಪ್ರತಿಯಾಗಿ ಅಭಿಮಾನಿಗಳು ಸಾಲಪತ್ರಗಳನ್ನು ಹೊರಡಿಸಿ ತಮ್ಮವರಿಂದಲೇ ಐವತ್ತು ಲಕ್ಷ ಪೌಂಡಿಗೂ ಮಿಕ್ಕ ಹಣವನ್ನು ಕೂಡಿಸಿದರು. ಮತದ ಬೆಲೆ ಅವರಿಗೆ ತಿಳಿದಿತ್ತು. ಆದರೆ ಒಡೆತನವು ಒಡೆಯನನ್ನು ಸಜ್ಜನನನ್ನಾಗಿ ಮಾಡುವುದಿಲ್ಲ. ಅವನನ್ನು ಹೊಣೆಗಾರನನ್ನಾಗಿ ಮಾಡುತ್ತದೆ. 2002ರಲ್ಲಿ ದೂರುವುದಕ್ಕೆ ಮಾಲಿಕರೂ ಆಯೋಗವೂ ಇದ್ದರು. ಕಿಂಗ್‌ಸ್ಟೋನಿಯನ್ ಹೊರನಡೆದಾಗ ಮಾಲಿಕರು ತಾವೇ.

ಈ ಕ್ಲಬ್ಬಿನ ಚರಿತ್ರೆ ಬರೆಯುವವರು ಕಪ್ಪು ಗೆದ್ದದ್ದನ್ನೂ ಬಡ್ತಿಗಳನ್ನೂ ಧಾರಾಳವಾಗಿ ಬರೆಯಲಿ. ಕಿಂಗ್ಸ್‌ಮೆಡೋವಿನ ಅಧ್ಯಾಯವನ್ನು ಮಾತ್ರ ಅಡಿಟಿಪ್ಪಣಿಗೆ ತಳ್ಳಬಾರದು. ತಮ್ಮದೆಂದು ಹೇಳಿಕೊಳ್ಳುವ ಹಕ್ಕಿಗಾಗಿ ಇಷ್ಟು ಹೋರಾಡಿದ ಜನ, ಅದನ್ನೂ ತಮ್ಮದೆಂದು ಹೇಳಿಕೊಂಡಾಗಲೇ ಆ ಒಡೆತನ ಪೂರ್ಣವಾದೀತು.