--ಮೊದಲು, --ಕೊನೆ: ಆಜ್ಞೆಯ ಸಾಲಿನಲ್ಲಿ ಕನ್ನಡ

ಟರ್ಮಿನಲ್‌ನಲ್ಲಿ ಸ್ಕ್ರಿಪ್ಟಿನ ಹೆಸರಿನ ಮುಂದೆ ಬರೆದದ್ದೆಲ್ಲ ಮೊದಲು ಶೆಲ್ಲಿನ ಕೈ ಸೇರುತ್ತದೆ. ಖಾಲಿ ಜಾಗ ಕಂಡಲ್ಲಿ ಅದು ಸಾಲನ್ನು ತುಂಡರಿಸುತ್ತದೆ. 'ಹುಬ್ಬಳ್ಳಿ ಧಾರವಾಡ' ಎಂಬ ಕಡತದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಸ್ಕ್ರಿಪ್ಟು ಎರಡು ಕಡತ ಹುಡುಕತೊಡಗುತ್ತದೆ. ಹೀಗೆ ಬಂದ ತುಂಡುಗಳಲ್ಲಿ ಆಯ್ಕೆ ಯಾವುದು, ಅದರ ಮೌಲ್ಯ ಯಾವುದು, ಬರಿಯ ಕಡತ ಯಾವುದು ಎಂದು ಬಿಡಿಸುವುದು ಸ್ಕ್ರಿಪ್ಟಿನ ಕೆಲಸ.

ಯುನಿಕ್ಸ್ ರೂಢಿಯಲ್ಲಿ ಒಂದು ಗೆರೆಯ ಮುಂದೆ ಒಂದೇ ಅಕ್ಷರ. ಎರಡು ಗೆರೆಯ ಮುಂದೆ ಇಡೀ ಪದ ಬರೆಯುವ ಪದ್ಧತಿಯನ್ನು ಗ್ನೂ ಯೋಜನೆ ಬೆಳೆಸಿತು. ಬ್ಯಾಶ್ ಶೆಲ್ಲಿನಲ್ಲಿ ಆಯ್ಕೆಗಳನ್ನು ಬಿಡಿಸುವ ಗೆಟ್‌ಆಪ್ಟ್ಸ್ ಒಂದಕ್ಷರದ ಆಯ್ಕೆಗಷ್ಟೇ ಸೈ. ಅದು ಬೈಟ್ ಬೈಟಾಗಿ ಓದುತ್ತದೆ. ಯುಟಿಎಫ್-8ರಲ್ಲಿ 'ಕ' ಒಂದಕ್ಕೇ 3 ಬೈಟ್ ಬೇಕು. ಹಾಗಾಗಿ ಕನ್ನಡಕ್ಕೆ ಅಲ್ಲಿ ಜಾಗವಿಲ್ಲ.

ಪೈಥಾನ್‌ನ ಆರ್ಗ್‌ಪಾರ್ಸ್ ಹಾಗಲ್ಲ. 2011ರ 3.2ನೇ ಆವೃತ್ತಿಯಿಂದ ಪೈಥಾನ್ 3ರ ಜತೆಗೇ ಬರುವ ಈ ಸಲಕರಣೆಗೆ --ಮೊದಲು, --ಕೊನೆ ಎಂದು ಆಯ್ಕೆಗಳನ್ನು ಕೊಟ್ಟರೆ ತಕರಾರಿಲ್ಲದೆ ಒಪ್ಪುತ್ತದೆ. ಮೌಲ್ಯ ಪೂರ್ಣಾಂಕವೆಂದು ಸೂಚಿಸಿದ್ದರೆ --ಮೊದಲು ೨೫ ಎಂದು ಕನ್ನಡ ಅಂಕಿಯಲ್ಲಿ ಬರೆದರೂ 25 ಎಂದೇ ಓದಿಕೊಳ್ಳುತ್ತದೆ. ಇದು ಹೆಚ್ಚಿನವರ ಗಮನಕ್ಕೆ ಬಾರದ ಒಳ್ಳೆಯ ಗುಣ. --ಮೊ ಎಂದು ಮೊಟಕುಗೊಳಿಸಿದರೂ ಅದಕ್ಕೆ ಸಾಕು. ಆದರೆ ನಾಳೆ --ಮೊತ್ತ ಸೇರಿಸಿದರೆ ಅದೇ ಮೊಟಕು ರೂಪ ಗೊಂದಲಕ್ಕೀಡಾಗಿ ಹಳೆಯ ಆಜ್ಞೆ ನಿಲ್ಲುತ್ತದೆ. 3.5ರಿಂದ ಈ ಸೌಲಭ್ಯವನ್ನು ಮುಚ್ಚಲು ಬರುತ್ತದೆ, ಮುಚ್ಚುವುದೇ ಲೇಸು.

ನಿಜವಾದ ತೊಡಕು 'ಕೊ' ಅಕ್ಷರದಲ್ಲಿದೆ. ಯುನಿಕೋಡ್‌ನಲ್ಲಿ ಒತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊತ್ವದ ಸಂಕೇತಗಳ ಜೋಡಿಯಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ 'ಕೊನೆ'ಯೇ. ಆರ್ಗ್‌ಪಾರ್ಸ್ ಮಾತ್ರ ಸಂಕೇತಗಳನ್ನು ಹೋಲಿಸಿ, ಇಂಥ ಆಯ್ಕೆಯೇ ಇಲ್ಲವೆಂದು ದೋಷಸಂಖ್ಯೆ 2ರೊಂದಿಗೆ ಹೊರಬರುತ್ತದೆ. ತಿದ್ದುವವರಿಗೆ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಪರಿಹಾರ ಒಂದೇ ಸಾಲಿನದು: ಶೆಲ್ ಕೊಟ್ಟ ತುಂಡುಗಳನ್ನೆಲ್ಲ ಮೊದಲು ಪೈಥಾನ್‌ನ ಯುನಿಕೋಡ್‌ಡೇಟಾದ ನಾರ್ಮಲೈಸ್ ಮೂಲಕ ಎನ್‌ಎಫ್‌ಸಿ ಎಂಬ ಒಂದೇ ಸಂಕೇತದ ರೂಪಕ್ಕೆ ತಂದು, ಆಮೇಲೆ ಆರ್ಗ್‌ಪಾರ್ಸ್‌ಗೆ ಒಪ್ಪಿಸುವುದು. ಸ್ಕ್ರಿಪ್ಟಿನೊಳಗೆ ಬರೆದ ಆಯ್ಕೆಯ ಹೆಸರೂ ಅದೇ ರೂಪದಲ್ಲಿರಬೇಕು.

ಇನ್ನುಳಿದದ್ದು ಸಹಾಯದ ಪಠ್ಯ. ಪ್ರತಿ ಆಯ್ಕೆಯ ವಿವರವನ್ನು ಕನ್ನಡದಲ್ಲೇ ಬರೆಯಬಹುದು. ಆರ್ಗ್‌ಪಾರ್ಸ್‌ನ ಸ್ವಂತ ಶೀರ್ಷಿಕೆಗಳೂ ಗೆಟ್‌ಟೆಕ್ಸ್ಟ್ ಎಂಬ ಅನುವಾದ ಸಲಕರಣೆಯನ್ನು ಹಾದು ಬರುವುದರಿಂದ ಅನುವಾದಕ್ಕೆ ದಾರಿಯಿದೆ. ಇದನ್ನು ಮಾಡಬಲ್ಲವರೂ ಇದ್ದಾರೆ: 1947ರ ಬಿ.ವಿ. ಭೂಮರಡ್ಡಿ ಕಾಲೇಜಿನಿಂದ ಬೆಳೆದ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, 2016ರಲ್ಲಿ ಆರಂಭವಾದ ಧಾರವಾಡದ ಐಐಟಿ ಇರುವ ಈ ಅವಳಿನಗರದಲ್ಲಿ ಪೈಥಾನ್ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವ ಮುಂದಿನ ಸ್ಕ್ರಿಪ್ಟಿನಲ್ಲಿ ಅವರು ಒಂದಾದರೂ ಆಯ್ಕೆಗೆ ಕನ್ನಡದ ಹೆಸರಿಟ್ಟು ನೋಡಲಿ.