ಸಿಂಹಾಸನದ ಎದುರು ನಿಂತವರು

ಗಿರೀಶ ಕಾರ್ನಾಡರ 'ತುಘಲಕ್' ಪಠ್ಯವಾದಲ್ಲೆಲ್ಲ ಪರೀಕ್ಷೆಗೆ ಒಂದು ಪ್ರಶ್ನೆ ಖಾಯಂ: ನಾಟಕದ ಸಮಕಾಲೀನತೆಯನ್ನು ಚರ್ಚಿಸಿ. ಗೈಡುಗಳಲ್ಲಿ ಸಿಗುವ ಉತ್ತರವೂ ಖಾಯಂ. ತುಘಲಕ್ ಎಂದರೆ ನೆಹರೂ, ದೌಲತಾಬಾದ್ ಎಂದರೆ ಸ್ವಾತಂತ್ರ್ಯ ಬಂದ ಹೊಸದರ ಕನಸು, ತಾಮ್ರದ ನಾಣ್ಯ ಎಂದರೆ ಬೆಲೆ ಕಳೆದುಕೊಂಡ ಆದರ್ಶ. ಒಂದೊಂದಕ್ಕೂ ಹೀಗೆ ಚೀಟಿ ಅಂಟಿಸಿದರೆ ಅಂಕಕ್ಕೆ ಮೋಸವಿಲ್ಲ. ಆದರೆ ನಾಟಕವನ್ನು ಮನಸ್ಸಿಟ್ಟು ಓದಿದ ವಿದ್ಯಾರ್ಥಿಯನ್ನು ಪರೀಕ್ಷೆಯ ಹಂಗಿಲ್ಲದೆ ಮಾತಿಗೆಳೆದರೆ ಬರುವ ಪ್ರಶ್ನೆ ಬೇರೆ. ಅಗಸ ಅಜೀಜ ಅಷ್ಟೆಲ್ಲ ಮೋಸ ಮಾಡಿಯೂ ಹೇಗೆ ಪಾರಾದ? ಸುಲ್ತಾನ ಅವನನ್ನು ಯಾಕೆ ಶಿಕ್ಷಿಸಲಿಲ್ಲ? ಗೈಡಿನಲ್ಲಿಲ್ಲದ ಈ ಪ್ರಶ್ನೆ ಹಿಡಿದು ಹೊರಟರೆ ಕನ್ನಡದ ರಾಜಕೀಯ ರೂಪಕ ನಾಟಕಗಳ ಇಡೀ ಪರಂಪರೆಯ ಬಲವೂ ಕಾಣುತ್ತದೆ, ಅದು ಎಡವಿದ ಜಾಗವೂ ಕಾಣುತ್ತದೆ.

ಅಧಿಕಾರವನ್ನು ಕಥೆಯ ಮರೆಯಲ್ಲಿ ನಿಂತು ನೋಡುವುದು ಕನ್ನಡಕ್ಕೆ ಹೊಸದಲ್ಲ. 11ನೇ ಶತಮಾನದಲ್ಲಿ 'ಪಂಚತಂತ್ರ'ವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದವನು. ಸಿಂಹ ಪಿಂಗಳಕನಿಗೂ ಎತ್ತು ಸಂಜೀವಕನಿಗೂ ಇದ್ದ ಸ್ನೇಹವನ್ನು ನರಿ ದಮನಕ ಚಾಡಿ ಹೇಳಿ ಮುರಿಯುವ ಕಥೆ, ಯುದ್ಧ ಮತ್ತು ಸಂಧಿಯ ವ್ಯವಹಾರ ನೋಡುತ್ತಿದ್ದ ಅಂಥ ಅಧಿಕಾರಿಯ ಕೈಗೆ ಸಿಕ್ಕಿದ್ದು ಆಕಸ್ಮಿಕವೇನಲ್ಲ. ಅಲ್ಲಿನ ಸಿಂಹ ದುಷ್ಟನಲ್ಲ. ಯಾರನ್ನು ನಂಬಬೇಕೆಂದು ತಿಳಿಯದ ಒಂಟಿ ರಾಜ. ಆ ಒಂಟಿತನದಲ್ಲೇ ನರಿಗೆ ಅನ್ನ ಹುಟ್ಟುತ್ತದೆ. ದೊರೆಯ ಅನುಮಾನ ಮತ್ತು ಅದನ್ನು ಬಳಸಿಕೊಂಡು ಮೇಲೇರುವವನ ಜಾಣತನ ಎಂಬ ಈ ಜೋಡಿ ಸಾವಿರ ವರ್ಷ ಕಳೆದರೂ ನಮ್ಮ ರಂಗಭೂಮಿಯನ್ನು ಬಿಟ್ಟುಹೋಗಿಲ್ಲ.

ಆಧುನಿಕ ಕನ್ನಡದಲ್ಲಿ ಅದನ್ನು ಮೊದಲು ಗಂಭೀರವಾಗಿ ಹಿಡಿದವರು ಸಂಸ. ಯಳಂದೂರು ಬಳಿಯ ಅಗರದ ಈ ನಾಟಕಕಾರ ಬರೆದದ್ದು ಇಪ್ಪತ್ತಕ್ಕೂ ಹೆಚ್ಚು ನಾಟಕ ಎನ್ನುತ್ತಾರೆ. ನಮಗೆ ಉಳಿದಿರುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ 'ವಿಗಡ ವಿಕ್ರಮರಾಯ' ಇಂದಿಗೂ ಓದುಗನನ್ನು ಬೆಚ್ಚಿಸುತ್ತದೆ. 17ನೇ ಶತಮಾನದ ಮೈಸೂರಿನಲ್ಲಿ ದೊರೆಗಿಂತ ಬಲಿಷ್ಠನಾಗಿ ಬೆಳೆದ ದಳವಾಯಿ, ಅವನನ್ನು ಮಣಿಸಲು ಬರುವ ರಣಧೀರ ಕಂಠೀರವ, ಇಬ್ಬರ ನಡುವೆ ಉಸಿರುಗಟ್ಟುವ ಒಳಸಂಚು. ಮೈಸೂರು ಅರಸರ ಆಳ್ವಿಕೆಯಲ್ಲೇ ಕೂತು ಅದೇ ವಂಶದ ಇತಿಹಾಸದೊಳಗಿನ ವಿಷ, ಕತ್ತಿ, ಪಿಸುಮಾತುಗಳನ್ನು ರಂಗಕ್ಕೆ ತರುವುದಕ್ಕೆ ಎದೆಗಾರಿಕೆ ಬೇಕಿತ್ತು. ಪೊಲೀಸರು ತನ್ನ ಬೆನ್ನು ಬಿದ್ದಿದ್ದಾರೆ ಎಂಬ ಭಯ ಸಂಸರನ್ನು ಕೊನೆಯವರೆಗೂ ಕಾಡಿತು. 1939ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅಧಿಕಾರ ಮನುಷ್ಯನ ಮನಸ್ಸಿನೊಳಗೆ ಹೇಗೆ ಮನೆ ಮಾಡುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡ ಕನ್ನಡ ಲೇಖಕರು ವಿರಳ. ಆದರೆ ಅವರ ನಾಟಕಗಳ ಗೋಡೆ ಅರಮನೆಯ ಗೋಡೆಯೇ. ಅದರಾಚೆ ಊರಿದೆ, ಉಳುವವರಿದ್ದಾರೆ ಎಂಬುದು ಸದ್ದಾಗಿ ಕೂಡ ಒಳಗೆ ಬರುವುದು ಕಡಿಮೆ.

ಕನ್ನಡದ ಐತಿಹಾಸಿಕ ನಾಟಕಗಳು ವೇಷಭೂಷಣದ ಆಚೆ ಹೋಗಿಲ್ಲ ಎಂಬುದು ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಕೊರಗಾಗಿತ್ತು. ಆ ಮಾತು ತರುಣ ಕಾರ್ನಾಡರಿಗೆ ನಾಟಿತು. 1964ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ 'ತುಘಲಕ್' ಹೊರಬಂದಾಗ ಅವರಿಗೆ ಇಪ್ಪತ್ತಾರು ವರ್ಷ. ನೆಹರೂ ತೀರಿಕೊಂಡದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಕಾಲ ಹೀಗೆ ಕೂಡಿಬಂದದ್ದರಿಂದ ನಾಟಕಕ್ಕೆ ನೆಹರೂ ಹಣೆಪಟ್ಟಿ ಅಂಟಿತು. ಮುಂದೆ ಇಬ್ರಾಹಿಂ ಅಲ್ಕಾಜಿ ದೆಹಲಿಯ ಪುರಾನಾ ಕಿಲ್ಲಾದ ಬಯಲಿನಲ್ಲಿ ಅದನ್ನು ಆಡಿಸಿದ 1970ರ ದಶಕದಲ್ಲಿ ಜನ ಇಂದಿರಾರನ್ನು ನೆನೆದರು. 2016ರಲ್ಲಿ ನೋಟು ರದ್ದಾದಾಗ ತುಘಲಕನ ಹೆಸರು ಮತ್ತೆ ಪತ್ರಿಕೆಗಳ ತುಂಬ ಓಡಾಡಿತು. ಹಣೆಪಟ್ಟಿ ಹತ್ತು ವರ್ಷಕ್ಕೊಮ್ಮೆ ಬದಲಾಗಿದೆ, ನಾಟಕ ಮಾತ್ರ ಹಾಗೇ ನಿಂತಿದೆ. ಅಂದಮೇಲೆ ಅದರ ಜೀವ ಇರುವುದು ಹಣೆಪಟ್ಟಿಯಲ್ಲಲ್ಲ.

'ತುಘಲಕ್ ದರ್ಬಾರು' ಎಂಬ ಮಾತು ಕನ್ನಡದಲ್ಲಿ ನಾಟಕಕ್ಕಿಂತ ಹಳೆಯದು. ತಲೆಬುಡವಿಲ್ಲದ ಆಡಳಿತ ಎಂದು ಅದರ ಅರ್ಥ. ನೆರೆಯ ತಮಿಳಿನಲ್ಲಿ ಚೋ ರಾಮಸ್ವಾಮಿ 1968ರಲ್ಲಿ ಇದೇ ಸುಲ್ತಾನನನ್ನು ಇಂದಿನ ಪ್ರಜಾಪ್ರಭುತ್ವದೊಳಗೆ ಎಬ್ಬಿಸಿ ತಂದು ಪ್ರಧಾನಿ ಮಾಡಿ ನಗಿಸಿದರು, ಎರಡು ವರ್ಷದ ನಂತರ ಅದೇ ಹೆಸರಿನ ಪತ್ರಿಕೆಯನ್ನೂ ಹೊರಡಿಸಿದರು. ಕಾರ್ನಾಡರ ದಾರಿ ಇದಕ್ಕೆ ಪೂರ್ತಿ ವಿರುದ್ಧ. ಅವರ ತುಘಲಕ್ ಹುಚ್ಚನಲ್ಲ. ಸಭೆಯಲ್ಲಿ ಎಲ್ಲರಿಗಿಂತ ಬುದ್ಧಿವಂತ, ಚದುರಂಗದ ಕಗ್ಗಂಟು ಬಿಡಿಸಿ ಹಿಗ್ಗುವವನು, ನ್ಯಾಯದ ಮುಂದೆ ತಾನೂ ಒಬ್ಬ ಪ್ರಜೆ ಎನ್ನುವವನು. ನೋಡುಗ ಮೊದಲು ಅವನನ್ನು ಮೆಚ್ಚುತ್ತಾನೆ, ಮೆಚ್ಚಿದ ಮೇಲೆ ಅವನ ಜೊತೆ ಹೆಜ್ಜೆ ಹೆಜ್ಜೆಗೂ ಕೆಳಗಿಳಿಯುತ್ತಾನೆ.

ಆ ಇಳಿತದ ಒಂದು ಮೆಟ್ಟಿಲನ್ನು ಹತ್ತಿರದಿಂದ ನೋಡಬೇಕು. ಪ್ರಾರ್ಥನೆಯ ಹೊತ್ತಿನಲ್ಲಿ, ಕೈಯಲ್ಲಿ ಆಯುಧವಿಲ್ಲದಾಗ ಸುಲ್ತಾನನನ್ನು ಮುಗಿಸಬೇಕೆಂದು ಅಮೀರರು ಸಂಚು ಹೂಡುತ್ತಾರೆ. ಸಂಚು ಮೊದಲೇ ಬಯಲಾಗಿರುತ್ತದೆ. ಸಿಕ್ಕಿಬಿದ್ದ ಶಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಾರೆ ಮತ್ತೆ ಮತ್ತೆ ಇರಿಯುತ್ತಾನೆ. ಇತಿಹಾಸಕಾರ ಬರನಿ ನಿಂತಲ್ಲೇ ನಡುಗುತ್ತಾನೆ. ಕೊಲೆಗಿಂತ ಹೆಚ್ಚು ಭಯಂಕರವಾದದ್ದು ಅದರ ನಂತರ ಹೊರಡುವ ಅಪ್ಪಣೆ: ಶಹಾಬುದ್ದೀನ ಸುಲ್ತಾನನ ಪ್ರಾಣ ಉಳಿಸಲು ಹೋಗಿ ಮಡಿದ ಹುತಾತ್ಮ ಎಂದು ಸಾರಬೇಕು, ಅವನ ಅಂತ್ಯಕ್ರಿಯೆ ವೈಭವದಿಂದ ನಡೆಯಬೇಕು. ಹೆಣ ಇನ್ನೂ ಕಣ್ಣೆದುರಿಗಿರುವಾಗಲೇ ಅದರ ಸರ್ಕಾರಿ ಕಥೆ ಸಿದ್ಧ. ಆ ಬಳಿಕ ರಾಜ್ಯದಲ್ಲಿ ಪ್ರಾರ್ಥನೆಗೇ ನಿಷೇಧ. ಯಾವ ದೇಶದ, ಯಾವ ಪಕ್ಷದ ಪ್ರೇಕ್ಷಕನಿಗೂ ಈ ದೃಶ್ಯಕ್ಕೆ ಟಿಪ್ಪಣಿ ಬೇಡ. ಅಧಿಕಾರ ಸುಳ್ಳನ್ನು ಹುಟ್ಟಿಸುವ ಕೆಲಸವನ್ನು ಇಷ್ಟು ಮಿತವಾದ ಮಾತಿನಲ್ಲಿ ತೋರಿಸಿದ ದೃಶ್ಯ ನಮ್ಮ ರಂಗಭೂಮಿಯಲ್ಲಿ ಮತ್ತೊಂದಿಲ್ಲ.

ಇನ್ನು ಅಜೀಜ. ಮೊದಲ ದೃಶ್ಯದಲ್ಲೇ ಅವನು ಬ್ರಾಹ್ಮಣನ ವೇಷ ತೊಟ್ಟು ಸುಲ್ತಾನನ ಮೇಲೆ ದಾವೆ ಗೆದ್ದವನು. ಹಿಂದೂಗಳಿಗೂ ನ್ಯಾಯ ಸಿಗುತ್ತದೆ ಎಂಬ ಘೋಷಣೆಯಲ್ಲಿ ಅವನಿಗೆ ಕಂಡದ್ದು ಸಂಪಾದನೆಯ ದಾರಿ. ದೆಹಲಿಯ ಜನ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ದೌಲತಾಬಾದಿಗೆ ನಡೆಯುವಾಗ ಅವನು ದಾರಿಯ ಶಿಬಿರದಲ್ಲಿ ಅಧಿಕಾರಿ. ಹೆಂಗಸೊಬ್ಬಳು ಸಾಯುತ್ತಿರುವ ಕೂಸನ್ನು ವೈದ್ಯರ ಬಳಿ ಒಯ್ಯಲು ಅಪ್ಪಣೆ ಬೇಡುತ್ತಾಳೆ. ಅವನು ಲಂಚ ಕೇಳುತ್ತಾನೆ. ಅವಳಲ್ಲಿ ಹಣವಿಲ್ಲ. ಜೊತೆಗಾರ ಆಜಮನಿಗೇ ಕರುಳು ಚುರುಕ್ಕೆಂದರೂ ಅಜೀಜ ಅಲುಗುವುದಿಲ್ಲ. ಕೊನೆಗೆ ಖಲೀಫನ ವಂಶದವನ ಸೋಗಿನಲ್ಲಿ ಅರಮನೆಯ ಒಳಕ್ಕೇ ಬಂದು ಸಿಕ್ಕಿಬಿದ್ದಾಗ ಅವನು ಕೊಡುವ ಸಮರ್ಥನೆ ತಲೆ ತಿರುಗಿಸುವಂಥದ್ದು. ಸುಲ್ತಾನನ ಪ್ರತಿಯೊಂದು ಆಜ್ಞೆಯನ್ನೂ ತನ್ನಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದ ಶಿಷ್ಯ ಇನ್ನೊಬ್ಬನಿಲ್ಲ ಎಂಬುದು ಅದರ ಸಾರ. ಸುಲ್ತಾನ ಅವನನ್ನು ಬಿಟ್ಟುಬಿಡುತ್ತಾನೆ, ಹುದ್ದೆಯನ್ನೂ ಕೊಡುತ್ತಾನೆ. ಶಿಕ್ಷಿಸಿದರೆ ತನ್ನ ಆಳ್ವಿಕೆಯನ್ನೇ ಶಿಕ್ಷಿಸಿದಂತೆ ಎಂದು ಅವನಿಗೆ ಗೊತ್ತು. ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಆದರೆ ಇಷ್ಟು ದೊಡ್ಡ ನಾಟಕದ ಬಗ್ಗೆಯೂ ಒಂದು ತಕರಾರು ಎತ್ತಲೇಬೇಕು. ಆ ಕೂಸಿನ ತಾಯಿಗೆ ಹೆಸರಿಲ್ಲ. ಅವಳು ಬಂದು, ಅತ್ತು, ಹೋಗುತ್ತಾಳೆ. ನಡೆದು ಸತ್ತವರು, ಹಸಿದು ದಂಗೆಯೆದ್ದವರು ಗುಂಪಿನ ದನಿಗಳಷ್ಟೇ: ಒಬ್ಬ ಮುದುಕ, ಒಬ್ಬ ಯುವಕ, ಇನ್ನೊಬ್ಬ. ಪರದೆ ಬಿದ್ದಾಗ ನೋಡುಗನ ಕಣ್ಣು ಒದ್ದೆಯಾಗುವುದು ಸಿಂಹಾಸನದ ಮೇಲೆ ತೂಕಡಿಸುವ ದೊರೆಗಾಗಿ. ಸಿ. ಆರ್. ಸಿಂಹರಂಥ ಮಹಾನಟ ಆ ಪಾತ್ರ ಹೊತ್ತಾಗ ಕನಿಕರ ಮತ್ತಷ್ಟು ಆ ಕಡೆಗೇ ಹರಿಯಿತು. ಸರ್ವಾಧಿಕಾರಿಯ ನಿದ್ದೆಗೇಡಿಗೆ ಮರುಗುವುದನ್ನು ನಾವು ಕಲಿತೆವು. ಅವನು ನಿದ್ದೆ ಕೆಡಿಸಿದವರ ಮುಖ ನೋಡುವುದನ್ನು ಅಷ್ಟಾಗಿ ಕಲಿಯಲಿಲ್ಲ.

ಈ ತಕರಾರಿಗೆ ಮೊದಲ ದೊಡ್ಡ ಜವಾಬು ಉತ್ತರ ಕರ್ನಾಟಕದ ಹಳ್ಳಿಯಿಂದ ಬಂತು. 1972ರಲ್ಲಿ ಬಿ. ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಮೂರು ನಾಟಕ ಆಡಿಸಿದರು: ಲಂಕೇಶರು ಕನ್ನಡಕ್ಕೆ ತಂದ 'ಈಡಿಪಸ್', ಅವರದೇ 'ಸಂಕ್ರಾಂತಿ', ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'. ಮೂರರಲ್ಲೂ ಅಧಿಕಾರದ ಚಿಂತೆಯಿದೆ, ಆದರೆ ಕಂಬಾರರ ನಾಟಕದಲ್ಲಿ ಸಿಂಹಾಸನವೇ ಇಲ್ಲ. ಇರುವುದು ಬಂದೂಕು ಹಿಡಿದ ಗೌಡ, ಅವನ ಬಂಟರು, ಅವನ ಹೊಲ. ಆ ಹೊಲ ತನ್ನದೆನ್ನುವ ಬಸಣ್ಣ. ಬಂಜೆ ಎನಿಸಿಕೊಂಡು ಬೇಯುತ್ತಿರುವ ಗೌಡ್ತಿ. ಭಾದ್ರಪದದ ಜೋಕುಮಾರನ ಹುಣ್ಣಿಮೆಯ ಆಚರಣೆ, ಪಡುವಲಕಾಯಿಯ ಪಲ್ಯ ಗೌಡನ ಬದಲು ಬಸಣ್ಣನ ಹೊಟ್ಟೆ ಸೇರುವ ಪ್ರಸಂಗ, ಇವೆಲ್ಲ ಹಾಡು ಕುಣಿತದಲ್ಲಿ ತೇಲಿ ಬರುತ್ತವೆ. ಕಿವಿಗೊಟ್ಟರೆ ಕೇಳುವುದು ನೆಲ ಯಾರದು ಎಂಬ ಪ್ರಶ್ನೆ.

ಇಲ್ಲಿ ಭಾಷೆಯೂ ಕೆಲಸ ಮಾಡುತ್ತದೆ. ಗೌಡ ಮತ್ತು ಒಕ್ಕಲು ಆಡುವುದು ಒಂದೇ ಕನ್ನಡ. ದರ್ಬಾರಿನ ಗಾಂಭೀರ್ಯ ಇಲ್ಲದ್ದರಿಂದ ಅಧಿಕಾರಕ್ಕೆ ಅಡಗಿಕೊಳ್ಳಲು ಮರೆಯಿಲ್ಲ. ಕೊನೆಯಲ್ಲಿ ಬಸಣ್ಣ ಸಾಯುತ್ತಾನೆ, ಗೌಡ್ತಿಯ ಬಸಿರಲ್ಲಿ ಅವನ ಕೂಸು ಉಳಿಯುತ್ತದೆ. ಎರಡೇ ವರ್ಷದಲ್ಲಿ, 1974ರಲ್ಲಿ, ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ತಂದಿತು. ಗೇಣಿದಾರರು ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಿಡಿದು ಸಾಲುಗಟ್ಟಿದರು. ನಾಟಕದಿಂದ ಕಾನೂನು ಬಂತೆಂದು ಯಾರೂ ಹೇಳಲಾರರು. ಆದರೆ ಹಳ್ಳಿಗಾಡಿನಲ್ಲಿ ಕುದಿಯುತ್ತಿದ್ದುದನ್ನು ಕಂಬಾರರು ಸರಿಯಾಗಿ ಕೇಳಿಸಿಕೊಂಡಿದ್ದರು. ಮನಸ್ಸಿನೊಳಗಿನ ಅಧಿಕಾರವನ್ನು ಕಾರ್ನಾಡರು ಆಳವಾಗಿ ಅಗೆದರೆ ಹೊಲದ ಬದುವಿನ ಮೇಲಿನ ಅಧಿಕಾರವನ್ನು ಕಂಬಾರರು ಅಗೆದರು. ಎರಡನೆಯದಕ್ಕೆ ತರಗತಿಗಳಲ್ಲಿ ಬರೀ ಜಾನಪದ ಎಂಬ ಪಟ್ಟ ಸಿಕ್ಕಿ ಅದರ ರಾಜಕೀಯ ಮರೆಯಾದದ್ದು ಅನ್ಯಾಯ.

12ನೇ ಶತಮಾನದ ಕಲ್ಯಾಣ ಈ ಪರಂಪರೆಗೆ ಮತ್ತೆ ಮತ್ತೆ ಮರಳಿ ಬರುವ ನೆಲ. ಬಿಜ್ಜಳನ ಅರಮನೆ, ಬಸವಣ್ಣನ ಶರಣರು, ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆ, ಆಮೇಲಿನ ರಕ್ತಪಾತ. 'ಸಂಕ್ರಾಂತಿ'ಯಲ್ಲಿ ಲಂಕೇಶ್ ಕೇರಿಯ ಜನರನ್ನು ಅರಮನೆಯ ಸರಿಸಮಕ್ಕೆ ತಂದು ನಿಲ್ಲಿಸಿದರು. ಮೇಲಿನಿಂದ ಇಳಿದುಬರುವ ಸುಧಾರಣೆಯನ್ನು ಕೇರಿಯ ಮುದುಕನೊಬ್ಬ ಅನುಮಾನದಿಂದ ನೋಡುವ ರೀತಿ ಅಂದಿಗೆ ಹೊಸದು, ಇಂದಿಗೂ ಚುಚ್ಚುತ್ತದೆ. ಎಚ್. ಎಸ್. ಶಿವಪ್ರಕಾಶರ 'ಮಹಾಚೈತ್ರ' ಬಂದದ್ದು 1980ರ ದಶಕದಲ್ಲಿ. ಮುಂದಿನ ದಶಕದಲ್ಲಿ ಅದರ ವಿರುದ್ಧ ಬೀದಿಯಲ್ಲಿ ಗದ್ದಲವೆದ್ದಿತು. ಮಂಡಲ್ ಮತ್ತು ಮಂದಿರದ ಬಿಸಿ ಏರುತ್ತಿದ್ದ ಕಾಲದಲ್ಲಿ ಕಾರ್ನಾಡರು 'ತಲೆದಂಡ' ಬರೆದರು. ಅದರಲ್ಲಿ ಅತ್ಯಂತ ಜೀವಂತ ಪಾತ್ರ ಯಾವುದೆಂದು ಕೇಳಿದರೆ ಯಾವ ನಟನೂ ಬಿಜ್ಜಳ ಎನ್ನುತ್ತಾನೆ. ತನ್ನ ಜಾತಿಯ ಅವಮಾನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಪಟ್ಟವೇರಿದ ಆ ದೊರೆಯ ಮಾತಿಗಿರುವ ಕಾವು ಬಸವಣ್ಣನ ಮಾತಿಗೆ ಸಿಕ್ಕಿಲ್ಲ. ಜಗತ್ತಿನ ಅಪರೂಪದ ಜನಚಳವಳಿಯ ಕಥೆಯಲ್ಲೂ ಲೇಖನಿ ಮತ್ತೆ ಅರಸನ ಮಗ್ಗುಲಿಗೇ ಸರಿಯಿತು. 2018ರ 'ರಾಕ್ಷಸ ತಂಗಡಿ'ಯಲ್ಲೂ ಅಷ್ಟೆ: ವಿಜಯನಗರ ಉರಿಯುತ್ತದೆ, ನಮ್ಮ ನೋಟ ನೆಟ್ಟಿರುವುದು ಅಳಿಯ ರಾಮರಾಯನ ಮೇಲೆ.

1975ರಲ್ಲಿ ಪ್ರಸನ್ನ ಮೊದಲಾದವರು 'ಸಮುದಾಯ' ಕಟ್ಟಿದಾಗ ರೂಪಕದ ಬಗೆಗಿನ ಈ ಅಸಮಾಧಾನಕ್ಕೆ ಇನ್ನೊಂದು ಹಾದಿ ತೆರೆಯಿತು. ಅದು ತುರ್ತುಪರಿಸ್ಥಿತಿಯ ವರ್ಷ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಸುಟ್ಟ ಸುದ್ದಿ ಬಂದಮೇಲೆ ಸಮುದಾಯದ ನಟರು 'ಬೆಲ್ಚಿ' ಬೀದಿನಾಟಕ ಹೊತ್ತು ಊರೂರು ತಿರುಗಿದರು. ಅಲ್ಲಿ ಸುಲ್ತಾನನಿಲ್ಲ, ದಳವಾಯಿಯಿಲ್ಲ, ಕೊಂದವರು ಮತ್ತು ಸತ್ತವರು ಮಾತ್ರ. ಆ ನೇರತನ ಆ ಗಳಿಗೆಗೆ ಬೇಕೇ ಬೇಕಿತ್ತು. ಆದರೆ ಸಂದರ್ಭ ಮುಗಿದ ಮೇಲೆ ಬೀದಿನಾಟಕ ಉಳಿಯುವುದು ಕಷ್ಟ. 'ತುಘಲಕ್' ಇಂದಿಗೂ ರಂಗಕ್ಕೇರುತ್ತದೆ, 'ಬೆಲ್ಚಿ' ನೆನಪಾಗಿದೆ.

ಈ ಎರಡು ಹಾದಿ ಕೂಡುವ ಒಂದು ನಾಟಕ ಲಂಕೇಶರದು, 1993ರ 'ಗುಣಮುಖ'. ಬಾಬರಿ ಮಸೀದಿ ಉರುಳಿದ ಮರುವರ್ಷ. 1739ರಲ್ಲಿ ದೆಹಲಿಯನ್ನು ಕೊಳ್ಳೆ ಹೊಡೆದ ನಾದಿರ್ ಶಾ ಇಲ್ಲಿ ರೋಗಿ. ಅವನ ಕಾಯಿಲೆಗೆ ಮದ್ದು ಹುಡುಕುವವರೆಲ್ಲ ಹೆದರಿಕೆಯಿಂದಲೇ ಸೋಲುತ್ತಾರೆ. ಸತ್ಯ ಹೇಳಿದರೆ ತಲೆ ಉಳಿಯದು ಎಂದು ಗೊತ್ತಿದ್ದವನು ನಾಡಿ ಹಿಡಿದರೂ ಏನು ಹೇಳಿಯಾನು? ಹಕೀಮ ಅಲಾವಿಖಾನ್ ಬರುತ್ತಾನೆ. ಅವನಿಗೆ ಭಯವಿಲ್ಲ, ಬಿಂಕವೂ ಇಲ್ಲ. ಎದುರಿಗಿರುವವನನ್ನು ಚಕ್ರವರ್ತಿ ಎಂದು ನೋಡದೆ ರೋಗಿ ಎಂದು ನೋಡುವುದೇ ಅವನ ಪ್ರತಿಭಟನೆ. ಒಬ್ಬ ಕಸುಬುದಾರ ತನ್ನ ಕಸುಬಿಗೆ ನಿಷ್ಠನಾಗಿ ನಿಂತಾಗ ಅಧಿಕಾರ ಹೇಗೆ ತಬ್ಬಿಬ್ಬಾಗುತ್ತದೆ ಎಂಬುದನ್ನು ಕನ್ನಡ ನಾಟಕ ಇಲ್ಲಿ ಕಂಡಿತು. ಹಕೀಮ ಅಜೀಜನಿಗೆ ಸರಿಯಾದ ಎದುರಾಳಿ: ಇಬ್ಬರೂ ಸಾಮಾನ್ಯರು, ಇಬ್ಬರಿಗೂ ಅಧಿಕಾರದ ಒಳಮರ್ಮ ಗೊತ್ತು. ಒಬ್ಬ ಅದನ್ನು ಬಳಸಿಕೊಂಡ, ಇನ್ನೊಬ್ಬ ಅದರ ಮುಖಕ್ಕೆ ಕನ್ನಡಿ ಹಿಡಿದ.

ಪಠ್ಯ ರೂಪಿಸುವವರು ಈ ಮೂರು ನಾಟಕಗಳನ್ನು, 'ತುಘಲಕ್', 'ಜೋಕುಮಾರಸ್ವಾಮಿ', 'ಗುಣಮುಖ'ಗಳನ್ನು, ಒಂದೇ ಸೆಮಿಸ್ಟರಿನಲ್ಲಿ ಅಕ್ಕಪಕ್ಕ ಇಟ್ಟರೆ ವಿದ್ಯಾರ್ಥಿಗೆ ಗೈಡಿನ ಹಂಗು ತಾನಾಗಿ ತಪ್ಪುತ್ತದೆ. ತುಘಲಕನನ್ನು ಗೌಡ್ತಿಯ ಕಣ್ಣಿನಿಂದ, ಗೌಡನನ್ನು ಹಕೀಮನ ಕಣ್ಣಿನಿಂದ ನೋಡುವ ಅಭ್ಯಾಸ ಬೆಳೆಯುತ್ತದೆ. ನಾಟಕ ಆಡಿಸುವವರ ಕೈಯಲ್ಲೂ ಒಂದು ಕೆಲಸವಿದೆ. 'ತುಘಲಕ್'ನ ಹದಿಮೂರು ದೃಶ್ಯಗಳನ್ನು ಎರಡು ಗಂಟೆಗೆ ಇಳಿಸುವಾಗ ಕತ್ತರಿ ಮೊದಲು ಹೋಗುವುದು ಶಿಬಿರದ ದೃಶ್ಯದ ಕಡೆಗೆ. ಸುಲ್ತಾನ ಅಲ್ಲಿಲ್ಲ, ದೊಡ್ಡ ನಟನಿಗೆ ಅಲ್ಲಿ ಕೆಲಸವಿಲ್ಲ. ಆ ದೃಶ್ಯವನ್ನು ಪೂರ್ತಿ ಉಳಿಸಬೇಕು. ಆ ತಾಯಿಯ ಪಾತ್ರವನ್ನು ತಂಡದ ಅತ್ಯುತ್ತಮ ನಟಿಗೆ ಕೊಡಬೇಕು.