ಯೋಸೆಫ್ ಮಾರ್ಟಿನ್ ಕ್ರೌಸನ ಸಿ ಮೈನರ್ ಸಿಂಫೊನಿ

ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ಯೋಸೆಫ್ ಮಾರ್ಟಿನ್ ಕ್ರೌಸನನ್ನು (1756–1792) ‘ಸ್ವೀಡನ್ನಿನ ಮೊಜಾರ್ಟ್’ ಎಂದು ಕರೆಯುವ ವಾಡಿಕೆಯುಂಟು. ಇಬ್ಬರೂ ಹುಟ್ಟಿದುದು ಒಂದೇ ವರ್ಷ. ಮೊಜಾರ್ಟನು ತೀರಿಕೊಂಡ ಮರುವರ್ಷ ಕ್ರೌಸನೂ ತೀರಿಕೊಂಡನು. ಬಿರುದಿಗೆ ಮುಖ್ಯ ಆಧಾರ ಇಷ್ಟೇ. ಮನ್ನಣೆಯಂತೆ ತೋರುವ ಈ ಹೆಸರು ಕೇಳುಗನನ್ನು ದಾರಿ ತಪ್ಪಿಸುತ್ತದೆ. ಅವನು ಕ್ರೌಸನಲ್ಲಿ ಮೊಜಾರ್ಟನನ್ನು ಹುಡುಕಿ, ಕಾಣದೆ, ನಿರಾಶನಾಗುತ್ತಾನೆ. ಕ್ರೌಸನನ್ನು ಅವನ ಕೃತಿಯಿಂದಲೇ ಅಳೆಯಬೇಕಾದರೆ 1783ರ ಸಿ ಮೈನರ್ ಸಿಂಫೊನಿ ತಕ್ಕ ಒರೆಗಲ್ಲು. ಏಕೆಂದರೆ ಇದು ಅವನೇ ತಿದ್ದಿ ಮತ್ತೆ ಬರೆದ ಕೃತಿ.

ಜರ್ಮನಿಯ ಮಿಲ್ಟೆನ್‌ಬರ್ಗಿನಲ್ಲಿ ಹುಟ್ಟಿದ ಕ್ರೌಸನು ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವನ ಆಸ್ಥಾನವನ್ನು ಸೇರಿ, 1782ರಲ್ಲಿ ದೊರೆಯ ವೆಚ್ಚದಲ್ಲಿಯೇ ಯೂರೋಪಿನ ಸಂಚಾರಕ್ಕೆ ಹೊರಟನು. ವಿಯೆನ್ನಾದಲ್ಲಿ ಗ್ಲುಕ್, ಎಸ್ಟರ್‌ಹಾಜಾದಲ್ಲಿ ಹೈಡನ್, ಇವರಿಬ್ಬರ ಪರಿಚಯ ಅವನಿಗೆ ದೊರೆಯಿತು. ಹೈಡನನು ಈ ಸಿಂಫೊನಿಯನ್ನು ಬಹುವಾಗಿ ಮೆಚ್ಚಿದನೆಂದು ಸಿಲ್ವರ್‌ಸ್ಟೋಲ್ಪೆ ಬರೆದಿಟ್ಟಿದ್ದಾನೆ. ಆದರೆ ಹಿರಿಯರ ಪ್ರಶಂಸೆ ವಿಮರ್ಶೆಯ ಕೆಲಸವನ್ನು ಮಾಡಲಾರದು.

ಕೃತಿಯ ಮೊದಲ ರೂಪವಿದ್ದುದು ಸಿ ಶಾರ್ಪ್ ಮೈನರಿನಲ್ಲಿ. ಆ ಶತಮಾನದ ಸಿಂಫೊನಿಗಳಲ್ಲಿ ತೀರ ವಿರಳವಾದ ನೆಲೆ ಅದು. ಅದರಲ್ಲಿ ನಾಲ್ಕು ಭಾಗಗಳು, ಮೂರನೆಯದು ಮಿನುಯೆಟ್. ತಿದ್ದುವಾಗ ಕ್ರೌಸನು ಆಧಾರಸ್ವರವನ್ನು ಅರ್ಧಸ್ವರದಷ್ಟು ಇಳಿಸಿ, ತಂತಿವಾದ್ಯಗಳೊಡನೆ ಓಬೋ, ಬಸೂನ್ ಮತ್ತು ನಾಲ್ಕು ಹಾರ್ನ್‌ಗಳನ್ನು ಸೇರಿಸಿ ವೃಂದಕ್ಕೆ ಗಾಢವಾದ ಬಣ್ಣ ಕೊಟ್ಟನು. ಮಿನುಯೆಟನ್ನು ಕೈಬಿಟ್ಟನು. ಮಿನುಯೆಟ್ ಆಸ್ಥಾನದ ನೃತ್ಯವಷ್ಟೆ. ಹಾಗೆಂದು ಇದನ್ನು ಆಸ್ಥಾನದ ವಿರುದ್ಧದ ಬಂಡಾಯವೆಂದು ಬಗೆಯುವುದು ಆತುರವಾದೀತು. ಮೂರು ಭಾಗಗಳ ಸಿಂಫೊನಿ ಅಂದು ಸಾಮಾನ್ಯವಾಗಿತ್ತು. ಆದರೂ ಈ ಕೃತಿಯಲ್ಲಿ ಅದರ ಪರಿಣಾಮ ಸಾಮಾನ್ಯವಲ್ಲ. ಎರಡನೆಯ ಭಾಗದ ನೆಮ್ಮದಿಯಿಂದ ಕೇಳುಗನು ನೇರವಾಗಿ ಕೊನೆಯ ಭಾಗದ ಬಿರುಗಾಳಿಗೆ ಬೀಳುತ್ತಾನೆ. ನಡುವೆ ಶಿಷ್ಟಾಚಾರಕ್ಕೆ ಎಡೆಯಿಲ್ಲ.

ಕೃತಿಯ ಜೀವವಿರುವುದು ಅದರ ವಿಳಂಬಗತಿಯ ಪೀಠಿಕೆಯಲ್ಲಿ. ಒಂದು ಸ್ವರ ತನ್ನ ನೆಲೆಯನ್ನು ಬಿಡಲೊಲ್ಲದೆ ನಿಂತಿರುವಾಗಲೇ ಇನ್ನೊಂದು ಅದಕ್ಕೆ ತಾಗಿ ನೋಯಿಸುತ್ತದೆ. ಮೊದಲನೆಯದು ಮೆಲ್ಲನೆ ಇಳಿದು ಸಮಾಧಾನವನ್ನು ಪಡೆಯುವಷ್ಟರಲ್ಲಿ ಮತ್ತೊಂದು ತಾಕಲಾಟ. ಗ್ಲುಕ್‌ನ ‘ಔಲಿಸ್‌ನಲ್ಲಿ ಇಫಿಗೇನಿಯ’ (1774) ಗೀತನಾಟಕದ ಆರಂಭವನ್ನು ಬಲ್ಲವರಿಗೆ ಈ ಸ್ವರಗಳ ಮೂಲ ಕೂಡಲೆ ಹೊಳೆಯುತ್ತದೆ. ಅಲ್ಲಿ ಅದು ಮಗಳನ್ನು ಬಲಿಕೊಡಬೇಕಾದ ತಂದೆಯ ಸಂಕಟ. ಕ್ರೌಸನು ರಂಗಸ್ಥಳವನ್ನೂ ಮಾತನ್ನೂ ಕಳಚಿ ಸಂಕಟವನ್ನು ಮಾತ್ರ ಉಳಿಸಿಕೊಂಡನು. ಇದನ್ನು ಅನುಕರಣವೆಂದು ತಳ್ಳಿಹಾಕುವವರು, ಆ ಬಿಗಿತವು ಮುಂದಿನ ದ್ರುತಗತಿಯಲ್ಲಿಯೂ ಸಡಿಲದಿರುವುದನ್ನು ಗಮನಿಸಿಲ್ಲವೆಂದು ಹೇಳದೆ ವಿಧಿಯಿಲ್ಲ.

1792ರ ಮಾರ್ಚಿಯಲ್ಲಿ ಗುಸ್ತಾವನು ಸ್ಟಾಕ್‌ಹೋಮಿನ ಗೀತನಾಟಕ ಶಾಲೆಯಲ್ಲಿ, ಮುಖವಾಡದ ನೃತ್ಯಕೂಟದ ನಡುವೆ ಗುಂಡೇಟು ತಿಂದು ಮಡಿದನು. ಅವನಿಗಾಗಿ ಕ್ರೌಸನು ಬರೆದ ಶೋಕ ಸಿಂಫೊನಿಯೂ ಸಿ ಮೈನರಿನದೇ. ಬಟ್ಟೆ ಮುಸುಕಿದ ನಗಾರಿಯ ಪೆಟ್ಟಿನಿಂದ ಮೊದಲಾಗುವ ಆ ಕೃತಿಯ ನಾಲ್ಕು ಭಾಗಗಳಲ್ಲಿ ದ್ರುತಗತಿಯದು ಒಂದೂ ಇಲ್ಲ. 1783ರಲ್ಲಿ ಪೀಠಿಕೆಯಾಗಿದ್ದುದು ಇಲ್ಲಿ ಇಡಿಯ ಕೃತಿಯನ್ನೇ ವ್ಯಾಪಿಸಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ರೌಸನೂ ತೀರಿಕೊಂಡನು.